ಆನೆ ಅಡ್ಡ ಬಂತು ಮಾಮ!

ನನ್ನ ಅಕ್ಕನ ಮಗಳ ಮಾತನ್ನು ನಂಬುವುದಾದರೆ, ದಕ್ಷಿಣ ಕೊಡಗಿನ ಆನೆಗಳಿಗೆಲ್ಲ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಗಳ ವೇಳಾಪಟ್ಟಿ ಬಾಯಿಪಾಠ! ಇವಳ ಪಂದ್ಯವಿರುವ ದಿನವೇ, ಇವಳ ಬಸ್ಸು ಬರುವ ಹೊತ್ತಿಗೇ ಅವು ರಸ್ತೆಗೆ ಅಡ್ಡ ನಿಲ್ಲುತ್ತವೆ. ಅದೇ ಬಸ್ಸಿನಲ್ಲಿ ಬಂದ ಬೇರೆ ಹುಡುಗಿಯರಿಗೆ ಮಾತ್ರ ಕಾಣಿಸುವುದಿಲ್ಲ.

ಇದನ್ನು ನಂಬಲು ನಾನೇನು ನಿನ್ನೆ ಹುಟ್ಟಿದವನೇ? ಬಿಟ್ಟಂಗಾಲದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಎಂದ ಕೂಡಲೇ ಕಥೆ, ಕವನ ಎಂದುಕೊಳ್ಳಬೇಡಿ. ನಾನು ಬರೆಯುವುದು ಕೆಲಸಗಾರರ ಹಾಜರಿ. ಕಥೆ ಹೇಳುವವರು ಅವರು, ಕೇಳುವವನು ನಾನು. ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದ ದಿನ ಹಿಡಿದುಕೊಂಡ ಸೊಂಟ, ಸಂತೆಯ ದಿನ ತಾನಾಗಿ ಬಿಟ್ಟುಕೊಳ್ಳುವುದನ್ನು ಇಪ್ಪತ್ತು ವರ್ಷಗಳಿಂದ ನೋಡಿದ್ದೇನೆ. ಹೀಗಾಗಿ ಅನುಮಾನ ನನಗೆ ಉಸಿರಾಟದಂತೆ. "ನಾನ್ ಹಾಕಿದ ಉಪ್ಪಿನ ಮೇಲೂ ನಿಮ್ಗೆ ಡೌಟು!" ಎಂದು ಹೆಂಡತಿ ಗೊಣಗುತ್ತಾಳೆ. ಅದು ನಿಜ. ಅವಳು ಎರಡು ಸಲ ಹಾಕುತ್ತಾಳೆಂದು ನನಗೆ ಈಗಲೂ ಅನುಮಾನ.

ಕುಶಾಲನಗರದ ಕಡೆಯ ಹಳ್ಳಿಯಲ್ಲಿರುವ ಅಕ್ಕ, ಮಗಳನ್ನು ಗೋಣಿಕೊಪ್ಪಲಿನ ಕಾಲೇಜಿಗೆ ಸೇರಿಸಿ ನಮ್ಮ ಮನೆಯಲ್ಲಿ ಬಿಟ್ಟಳು. ಬಂದ ತಿಂಗಳಲ್ಲೇ ಹುಡುಗಿ ಬಾಸ್ಕೆಟ್‌ಬಾಲ್ ಟೀಮು ಸೇರಿಕೊಂಡಳು. ಮೊದಲ ಪಂದ್ಯದ ದಿನ ಬ್ಯಾಗಿನಲ್ಲಿ ಎರಡೂ ಎಡಗಾಲಿನ ಶೂ ತುಂಬಿಕೊಂಡು ಹೋಗಿದ್ದಳು! ಒಂದು ಹಳೆಯ ಜೋಡಿಯದು, ಒಂದು ಹೊಸದರದು. ಬಲಗಾಲಿನದನ್ನು ಹಿಡಿದು ಸ್ಕೂಟರಿನಲ್ಲಿ ಓಡಿದವನು ನಾನು.

ಕೊಟ್ಟು ಬಂದುಬಿಡಬೇಕಿತ್ತು. ನಿಂತು ನೋಡಿದೆ. ಅಲ್ಲಿಗೆ ನಾನು ಕೆಟ್ಟೆ.

ಅಂಗಳದ ನಡುಗೆರೆಯ ಹತ್ತಿರ ನಿಂತು, ಯಾರಿಗೋ ಪುಸ್ತಕ ಎಸೆಯುವಷ್ಟು ಅಸಡ್ಡೆಯಿಂದ ಚೆಂಡು ಎಸೆದಳು. ಅದು ಬೋರ್ಡಿಗೂ ತಾಗದೆ, ರಿಂಗಿಗೂ ತಾಗದೆ ಬಲೆಯೊಳಗೆ ಇಳಿಯಿತು. ನನಗೇ ತಿಳಿಯದಂತೆ ಕೂಗಿಕೊಂಡೆ! ಮರುನಿಮಿಷವೇ ರಿಂಗಿನ ಅಡಿಯಲ್ಲಿ ಒಬ್ಬಳೇ ನಿಂತಿದ್ದಾಗ ಕೈಗೆ ಚೆಂಡು ಸಿಕ್ಕಿತು. ಎದುರಿಗೆ ಒಬ್ಬರೂ ಇಲ್ಲ. ಎಸೆದದ್ದು ಬಲೆಗೆ ಬೀಳದೆ ಆಚೆ ಹೋಯಿತು.

"ಅಲ್ವೇ, ಅಷ್ಟು ದೂರದಿಂದ ಹಾಕ್ದೋಳಿಗೆ ಹತ್ರದಿಂದ ಆಗ್ಲಿಲ್ವಾ?" ಎಂದು ಕೇಳಿದೆ.

"ಹತ್ರದಿಂದ ಹಾಕೋಕೆ ನಾಚ್ಕೆ ಆಗುತ್ತೆ ಮಾಮ."

ಇಂಥವಳ ಅಭಿಮಾನಿಯಾಗುವುದು ಸುಖವೇ? ಒಂದು ದಿನ ಇಡೀ ಎದುರು ತಂಡವನ್ನು ಒಬ್ಬಳೇ ಕುಣಿಸುತ್ತಾಳೆ. ಇನ್ನೊಂದು ದಿನ ತಂಡ ಅಂಗಳಕ್ಕೆ ಇಳಿದರೂ ಇವಳ ಪತ್ತೆಯಿಲ್ಲ! ಕಾಲೇಜಿನ ಪಿ.ಟಿ. ಮಾಸ್ಟ್ರು ನನಗೆ ಫೋನು ಮಾಡುತ್ತಾರೆ. "ರೈಟ್ರೇ, ನಿಮ್ಮ ಹುಡುಗಿ ಎಲ್ಲಿ ಮಾರಾಯ್ರೆ? ನೀವು ಇಡೀ ಎಸ್ಟೇಟಿನ ಹಾಜರಿ ಹಾಕ್ತೀರಿ, ಒಂದು ಹುಡುಗಿದು ಹಾಕ್ಲಿಕ್ಕೆ ಆಗಲ್ವಾ?"

ಸಂಜೆ ಮನೆಗೆ ಬಂದವಳದ್ದು ಅದೇ ಉತ್ತರ. "ಆನೆ ಅಡ್ಡ ಬಂತು ಮಾಮ."

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿರುವ ಗೆಳೆಯನಿಗೆ ಅವಳ ಎದುರೇ ಫೋನು ಮಾಡಿದೆ. ಇವತ್ತು ಆ ರಸ್ತೆಯಲ್ಲಿ ಆನೆಯ ಸುದ್ದಿಯೇ ಇಲ್ಲ ಎಂದ. ಗೆದ್ದ ಮುಖದಿಂದ ಇವಳ ಕಡೆ ತಿರುಗಿದೆ.

"ಗಾರ್ಡ್‌ಗೆ ಹೇಳ್ಬಿಟ್ಟು ಬರುತ್ತಾ ಆನೆ?" ಎಂದು ಕೇಳಿ, ತಟ್ಟೆ ತೊಳೆಯಲು ಹೋದಳು.

ಮುಂದಿನ ಪಂದ್ಯದ ದಿನ ರಜೆ ಹಾಕಿ, ಸ್ಕೂಟರಿನಲ್ಲಿ ಅವಳ ಬಸ್ಸಿನ ಹಿಂದೆಯೇ ಹೋದೆ. ದಾರಿಯುದ್ದಕ್ಕೂ ಆನೆಯಿರಲಿ, ಒಂದು ದನವೂ ಅಡ್ಡ ಬರಲಿಲ್ಲ. ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಕಾಲೇಜಿನ ಕಡೆ ಹೋಗದೆ ಒಂದು ಬೇಕರಿಗೆ ನುಗ್ಗಿದಳು. ಹೋಗಿ ಎದುರಿಗೆ ನಿಂತೆ. ಬಾಯಿ ತುಂಬ ಎಗ್ ಪಫ್ಸ್!

"ಎಲ್ಲಮ್ಮಾ ಆನೆ?"

"ಈಗಷ್ಟೇ ಹೋಯ್ತು ಮಾಮ. ನೀನೂ ಒಂದು ತಿಂತೀಯಾ?"

ತಿಂದೆ. ಏನು ಮಾಡಲಿ, ಬಿಸಿಯಾಗಿತ್ತು!

ಆ ಪಂದ್ಯವೂ ತಪ್ಪಿತು. ಅಂದು ಮನೆಯಲ್ಲಿ ಕುಳಿತು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳು ತಪ್ಪಿಸಿದ ಪಂದ್ಯಗಳನ್ನೆಲ್ಲ ಬರೆದೆ. ಸಣ್ಣಪುಟ್ಟ ಪಂದ್ಯ ಒಂದನ್ನೂ ತಪ್ಪಿಸಿರಲಿಲ್ಲ. ತಪ್ಪಿಸಿದ್ದೆಲ್ಲ ದೊಡ್ಡವು! ಎದುರು ಕಾಲೇಜಿನವರು ಏನಾದರೂ ಆಸೆ ತೋರಿಸಿದ್ದಾರೆಯೇ? ಆ ಪಫ್ಸ್ ಯಾರು ಕೊಡಿಸಿದ್ದು? ಹೆಂಡತಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಆಮೇಲೆ ಬಂತು ಮಡಿಕೇರಿಯಲ್ಲಿ ಅಂತರ ಕಾಲೇಜು ಫೈನಲ್. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರೂ ಬರುವವರಿದ್ದರು. "ಈ ಸಲ ಬರ್ಲಿಲ್ಲಾಂದ್ರೆ ಟೀಮಿಂದ ತೆಗೀಲೇಬೇಕಾಗ್ತದೆ ರೈಟ್ರೇ. ನನ್ಗೂ ಬೇಜಾರೇ" ಎಂದರು ಮಾಸ್ಟ್ರು. ಬೆಳಿಗ್ಗೆಯೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಓಡಿಹೋಗದಿರಲಿ ಎಂದು ಅವಳ ಶೂ ಬ್ಯಾಗು ನನ್ನ ಕಾಲಿನ ಬಳಿಯೇ ಇತ್ತು. ಎಡ, ಬಲ ನಾನೇ ನೋಡಿದ್ದೆ. ವಟಗುಟ್ಟುವ ಹುಡುಗಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಅದೂ ನನಗೆ ಅನುಮಾನವೇ!

ಆಡಿದಳು. ಹಾಗೆ ಆಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಟ ಮುಗಿಯಲು ಎರಡೇ ಸೆಕೆಂಡು ಉಳಿದಿದ್ದಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು. ಎದುರಿನವಳ ತಪ್ಪಿನಿಂದ ನಮ್ಮ ಹುಡುಗಿಗೆ ಎರಡು ಫ್ರೀ ಥ್ರೋ ಸಿಕ್ಕವು. ಯಾರ ಅಡ್ಡಿಯೂ ಇಲ್ಲದ ಎಸೆತ. ಎರಡೂ ಬಿದ್ದರೆ ಗೆಲುವು, ಒಂದು ಬಿದ್ದರೂ ಸಮ.

ಮೊದಲನೆಯದು ರಿಂಗಿನ ಮೇಲೆ ಒಂದು ಸುತ್ತು ಹಾಕಿ ಹೊರಗೆ ಬಿತ್ತು. ಎರಡನೆಯದು ರಿಂಗಿಗೆ ಬಡಿದು ಎಲ್ಲೋ ಹಾರಿತು.

ಬೇಕೆಂದೇ ಮಾಡಿದಳೇ? ಕೇಳಿಯೇಬಿಡುತ್ತೇನೆ ಎಂದು ಎದ್ದು ಹುಡುಕಿದೆ. ಅಂಗಳದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಶೂಗಳ ಲೇಸ್ ಬಿಚ್ಚುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ಏನೂ ಆಗಿರ್ಲಿಲ್ಲ ಮಾಮ. ಕೈ ನೋವಿರ್ಲಿಲ್ಲ, ಕಾಲು ಜಾರ್ಲಿಲ್ಲ. ನಾನೇ ಹಾಳ್ ಮಾಡ್ದೆ. ಎಲ್ರೂ ನನ್ನೇ ನೋಡ್ತಿದ್ರಲ್ಲ... ಹಿಂಗಾಗುತ್ತೆ ಅಂತಾನೇ ನಾನು ಬರ್ತಿರ್ಲಿಲ್ಲ."

ಇಪ್ಪತ್ತು ವರ್ಷಗಳಲ್ಲಿ ಯಾವ ನೆಪವೂ ಇಲ್ಲದೆ ನನ್ನ ಮುಂದೆ ನಿಂತವರು ಒಬ್ಬರೂ ಇರಲಿಲ್ಲ. ಪಕ್ಕದಲ್ಲಿ ಕುಳಿತೆ.

"ಆ ರಿಂಗೇ ಓರೆ ಇತ್ತು ಕಣಮ್ಮಾ" ಎಂದೆ.

"ಸುಳ್ಳು."

"ಎಡಗಡೆಗೆ ವಾಲಿತ್ತು. ನಾನೇ ನೋಡ್ದೆ. ನಾನ್ಯಾಕೆ ಸುಳ್ಳು ಹೇಳ್ಲಿ?"

ಅವಳು ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡಿದಳು. ಒಂದಿಷ್ಟೂ ನಂಬಲಿಲ್ಲ. ಆಮೇಲೆ ನನ್ನ ಭುಜಕ್ಕೆ ತಲೆಯಿಟ್ಟು, ಜೋರಾಗಿ, ಸಣ್ಣ ಮಗುವಿನ ಹಾಗೆ ಅತ್ತಳು.