ಹತ್ತೊಂಬತ್ತನೇ ನಾಮ

ಮೂರು ವಾರದ ರಜೆ ಮುಗಿಸಿ ಬಂದ ಸೋಮವಾರ ಬೆಳಿಗ್ಗೆ ಚಂದ್ರಮೌಳಿಗೆ ತನ್ನ ಆಫೀಸಿನ ಪಾಸ್‌ವರ್ಡ್ ಮರೆತುಹೋಗಿತ್ತು.

ಮರೆವು ಎಲ್ಲರಿಗೂ ಬರುತ್ತದೆ, ಸರಿ. ಆದರೆ ಇವನಿಗೆ ಬರಬಾರದಿತ್ತು, ಅದರಲ್ಲೂ ಆ ದಿನ ಬರಬಾರದಿತ್ತು. ಕಡಲಾಚೆಯ ಡೆನ್ನಿ ಟ್ರಯಾಂಗಲ್ ಬಡಾವಣೆಯ ಗಾಜಿನ ಕಟ್ಟಡವೊಂದರ ಹನ್ನೆರಡನೇ ಮಹಡಿಯಲ್ಲಿದ್ದ ಅವನ ವಿಮಾ ಕಂಪನಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹೊಸ ಸೆಕ್ಯುರಿಟಿ ಲೀಡ್ ಯಾರೆಂದು ತೀರ್ಮಾನವಾಗುವುದಿತ್ತು. ಕಣದಲ್ಲಿದ್ದವರು ಇಬ್ಬರೇ, ಚಂದ್ರಮೌಳಿ ಮತ್ತು ಪೂಜಿತಾ. ಡೈರೆಕ್ಟರ್ ಡೇಲ್ ಎದುರು ಇಬ್ಬರೂ ಹತ್ತತ್ತು ನಿಮಿಷ ಮಾತಾಡಬೇಕು. ಪೂಜಿತಾಳದು ಬಾಗಿಲು, ಬ್ಯಾಡ್ಜುಗಳ ವಿಷಯ. ಇವನದು ಪಾಸ್‌ವರ್ಡ್ ಶಿಸ್ತು. ಹಿಂದೆ ಎರಡು ಸಲ ಆ ಹುದ್ದೆ ಇವನ ಕಣ್ಣೆದುರೇ ಬೇರೆಯವರ ಪಾಲಾಗಿತ್ತು. "ಈ ಸಲ ತಗೊಂಡೇ ತಗೋತೀನಿ" ಎಂದು ಹೆಂಡತಿಯ ಮುಂದೆ ಪ್ರತಿಜ್ಞೆಯೂ ಆಗಿತ್ತು. ಅಂಥ ಪ್ರತಿಜ್ಞೆ ಮುರಿದವರ ಪಾಡು ಏನಾಗುತ್ತದೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗಲೇ ನಾಲ್ಕು ಸಲ ತಪ್ಪು ಪಾಸ್‌ವರ್ಡ್ ಹೊಡೆದಾಗಿತ್ತು. ಐದನೆಯದೂ ತಪ್ಪಿದರೆ ಖಾತೆ ಲಾಕ್ ಆಗುತ್ತದೆ, ಲಾಕ್ ಆದವರ ಹೆಸರು ತಾನಾಗಿಯೇ ಡೇಲ್‌ಗೆ ಇಮೇಲಿನಲ್ಲಿ ಹೋಗುತ್ತದೆ. ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ಸಹಾಯ ಕೇಳಿದರೂ ಅದೇ ಕತೆ. ಇಷ್ಟು ಕಟ್ಟುನಿಟ್ಟಿನ ಏರ್ಪಾಡನ್ನು ಡೇಲ್‌ಗೆ ಸೂಚಿಸಿದ ಮಹಾನುಭಾವ ಚಂದ್ರಮೌಳಿಯೇ.

ಅವನ ಪಾಸ್‌ವರ್ಡಿನ ಹಿಂದೆ ಒಂದು ಗುಟ್ಟಿತ್ತು. ನಾಲ್ಕು ವರ್ಷದ ಹಿಂದೆ ಕಂಪನಿ ಎಲ್ಲರಿಗೂ ಒಂದೇ ದಿನ ಹೊಸ ನಿಯಮ ತಂದಿತು. ಆಗಾಗ ಪಾಸ್‌ವರ್ಡ್ ಬದಲಿಸಬೇಕು, ಹಳೆಯದನ್ನು ಮತ್ತೆ ಬಳಸುವಂತಿಲ್ಲ, ಅದರಲ್ಲೊಂದು ದೊಡ್ಡಕ್ಷರ, ಒಂದು ಸಂಖ್ಯೆ, ಒಂದು ಚಿಹ್ನೆ ಇರಲೇಬೇಕು. ಉಳಿದವರು ತಲೆ ಕೆರೆದುಕೊಳ್ಳುತ್ತಿದ್ದಾಗ ಚಂದ್ರಮೌಳಿಗೆ ಆಚಮನ ನೆನಪಾಯಿತು. ಉಪನಯನವಾದಂದಿನಿಂದ ಹೇಳಿಕೊಂಡು ಬಂದ ಇಪ್ಪತ್ತನಾಲ್ಕು ನಾಮಗಳು, ಕೇಶವನಿಂದ ಶುರು, ಕೃಷ್ಣನಲ್ಲಿ ಮುಕ್ತಾಯ. ಒಂದೊಂದು ಸಲಕ್ಕೆ ಒಂದೊಂದು ನಾಮ, ಪಕ್ಕದಲ್ಲಿ ಅದರ ಕ್ರಮಸಂಖ್ಯೆ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ. ಇಂಥ ಬುದ್ಧಿ ತನ್ನೊಬ್ಬನಿಗೇ ಹೊಳೆದದ್ದೆಂದು ಅವನು ಒಳಗೊಳಗೇ ಬೀಗುತ್ತಿದ್ದ.

ಆದರೆ ಬದಲಿಸುವ ಗಡುವು ಮೊದಲು ತೊಂಬತ್ತು ದಿನವಿದ್ದದ್ದು ಆಮೇಲೆ ಅರವತ್ತಾಯಿತು. ನಡುವೆ ಎರಡು ಸಲ ವೈರಸ್ ಭಯಕ್ಕೆ ಇಡೀ ಕಂಪನಿಯೇ ಒಟ್ಟಿಗೆ ಬದಲಿಸಿತು. ಹಾಗಾಗಿ ಎಷ್ಟನೇ ನಾಮಕ್ಕೆ ಬಂದಿದ್ದೇನೆಂಬುದು ಕೈತಪ್ಪಿಹೋಗಿತ್ತು. ರಜೆಗೆ ಹೊರಡುವ ಹಿಂದಿನ ದಿನ ಹೊಸದೊಂದನ್ನು ಹಾಕಿದ್ದು ನಿಜ, ಯಾವುದನ್ನು? ದಾಮೋದರನಲ್ಲ, ಸಂಕರ್ಷಣನಲ್ಲ, ವಾಸುದೇವನಲ್ಲ, ಪ್ರದ್ಯುಮ್ನನೂ ಅಲ್ಲ. ಆ ನಾಲ್ವರೂ ಬೆಳಿಗ್ಗೆಯೇ ಕೈಕೊಟ್ಟಿದ್ದರು.

ಚಂದ್ರಮೌಳಿ ಸೋಲೊಪ್ಪುವ ಆಸಾಮಿಯಲ್ಲ. ತಲೆಗೆ ನೆನಪಿಲ್ಲದಿದ್ದರೇನು, ಕೈಗೆ ನೆನಪಿರಬಹುದು ಎಂದುಕೊಂಡ. ಆಚಮನದಲ್ಲಿ ಒಂದೊಂದು ನಾಮಕ್ಕೂ ಮೈಯ ಒಂದೊಂದು ಜಾಗ ಮುಟ್ಟಿಕೊಳ್ಳುವುದುಂಟು. ಪಾಸ್‌ವರ್ಡ್ ಬದಲಿಸುವ ದಿನವೆಲ್ಲ ಅವನು ಮೊದಲಿಂದ ಹೇಳಿಕೊಂಡು, ಮುಟ್ಟಿಕೊಂಡು, ಮುಂದಿನ ನಾಮಕ್ಕೆ ಬಂದು ನಿಲ್ಲುತ್ತಿದ್ದ. ಇವತ್ತೂ ಹಾಗೇ ಮಾಡಿದರಾಯಿತು.

ಮಧ್ಯಾಹ್ನದ ಊಟದ ಹೊತ್ತು ಮುಗಿದು ಪ್ಯಾಂಟ್ರಿಯಲ್ಲಿ ಯಾರೂ ಇರಲಿಲ್ಲ. ಬೂಟು ಬಿಚ್ಚಿದ. ಕೊರಳಿನ ಬ್ಯಾಡ್ಜು ಅಡ್ಡ ಬರುತ್ತದೆಂದು ತೆಗೆದು ಕಟ್ಟೆಯ ಮೇಲಿಟ್ಟ. ಕಾಗದದ ಲೋಟದಲ್ಲಿ ನೀರು ಹಿಡಿದು ಪೂರ್ವಕ್ಕೆ ತಿರುಗಿದ. ಪೂರ್ವದಲ್ಲಿ ಮೈಕ್ರೊವೇವ್ ಇತ್ತು, ಅದಕ್ಕೇ ಮುಖ ಮಾಡಿ ಮೂರು ಸಲ ನೀರು ಕುಡಿದು ಶುರು ಮಾಡಿದ. ತುಟಿ, ತಲೆ, ಮೂಗು, ಕಣ್ಣು ಮುಗಿದು ಕೈ ಕಿವಿಗೆ ಬಂದಾಗ ಮೈ ಜುಮ್ಮೆಂದಿತು. ಹೌದು! ಆವತ್ತು ಕಿವಿ ಮುಟ್ಟಿದಾಗ ನೋವಾಗಿತ್ತು, ಹಾ ಎಂದು ಕೈ ತೆಗೆದದ್ದೂ ನೆನಪಿದೆ. ಅಲ್ಲಿಗೇ ನಿಲ್ಲಿಸಿದ್ದು!

ಆದರೆ ಕಿವಿಗಳು ಎರಡು. ಬಲಗಿವಿಗೆ ಅಧೋಕ್ಷಜ, ಎಡಗಿವಿಗೆ ನರಸಿಂಹ. ಉಳಿದಿರುವ ಅವಕಾಶ ಒಂದು. ಅವನು ಬಲಗಿವಿ, ಎಡಗಿವಿ, ಮತ್ತೆ ಬಲಗಿವಿ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾಗ ಪಕ್ಕದ ಸೀಟಿನ ಎಜಾಜ್ ಕಾಫಿಗೆಂದು ಒಳಗೆ ಬಂದ. ಬೆಂಗಳೂರಿನ ಹುಡುಗ, ಇಡೀ ಮಹಡಿಗೆ ಸೇಫ್ಟಿ ವಾರ್ಡನ್, ಪರೋಪಕಾರಿ. ಇದ್ದಬದ್ದ ಮೂರು ಗುಣಗಳೂ ಅಪಾಯಕಾರಿಯೇ.

"ಮೌಳಿ ಸಾರ್! ಏನಾಯ್ತು? ಮುಖ ಎಲ್ಲಾ ಯಾಕೆ ಹಿಂಗೆ ಮುಟ್ಕೋತಾ ಇದೀರಾ? ಅಲರ್ಜಿನಾ?"

"ಏನಿಲ್ಲ ಮಾರಾಯ, ಎಕ್ಸರ್‌ಸೈಜು."

"ಬೂಟ್ ಬಿಚ್ಚಿ, ಮೈಕ್ರೊವೇವ್ ಮುಂದೆನಾ?"

ಅಷ್ಟರಲ್ಲಿ ಪೂಜಿತಾ ಬಂದಳು. ಲೋಟ ನೋಡಿದಳು, ಒದ್ದೆ ಅಂಗೈ ನೋಡಿದಳು, ನಕ್ಕಳು. "ಇದೇನ್ ಸರ್, ಆಫೀಸಲ್ಲಿ ಆಚಮನ?" ಎಂದವಳ ನಗು ಯಾಕೋ ಅರ್ಧಕ್ಕೇ ನಿಂತಿತು.

ಗುಟ್ಟು ಹೊರಬಿತ್ತೆಂದು ಚಂದ್ರಮೌಳಿ ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಆಚಮನನೂ ಇಲ್ಲ ಏನೂ ಇಲ್ಲ! ತಲೆ ಸುತ್ತು! ಬಹಳ ತಲೆ ಸುತ್ತು!" ಎಂದುಬಿಟ್ಟ.

ಎಜಾಜ್‌ಗೆ ಬೇಕಾಗಿದ್ದೂ ಅದೇ. ಎರಡು ವರ್ಷದಿಂದ ಮಡಿಕೆ ಬಿಚ್ಚದೆ ಕೂತಿದ್ದ ಕಿತ್ತಳೆ ಬಣ್ಣದ ವಾರ್ಡನ್ ವೆಸ್ಟು ಹಾಕಿಕೊಂಡು ಬಂದು, ಚಂದ್ರಮೌಳಿಗೆ ತಾನೇ ಬೂಟು ತೊಡಿಸಿ, ರಟ್ಟೆ ಹಿಡಿದು, ಲಿಫ್ಟಿನಲ್ಲಿ ಕೆಳಗಿಳಿಸಿ, ರಸ್ತೆಬದಿಯ ಬೆಂಚಿನ ಮೇಲೆ ಕೂರಿಸಿದ. "ಉಸಿರು ಜೋರಾಗಿ ಎಳ್ಕೊಳ್ಳಿ ಸಾರ್" ಎಂದು ಹತ್ತು ನಿಮಿಷ ಎಣಿಸಿದ. ಕೊನೆಗೆ ಚಂದ್ರಮೌಳಿ ಕೈಮುಗಿದು, ನನಗೆ ಪೂರ್ತಿ ವಾಸಿಯಾಯಿತು, ನೀನು ಹೋಗಪ್ಪ ಎಂದು ಅವನನ್ನು ಸಾಗಹಾಕಿ ಇಸ್ಸಾಕ್ವಾದ ಮನೆಗೆ ಫೋನ್ ಮಾಡಿದ.

"ವಸಂತಾ, ಊರಿಗೆ ಹೊರಡೋ ಹಿಂದಿನ ದಿನ ನಂಗೆ ಕಿವಿ ನೋವಿತ್ತಲ್ಲ, ಯಾವ ಕಿವಿ?"

"ಏನ್ರೀ ಇದು, ಕೆಲಸ ಬಿಟ್ಟು ಕಿವಿ ವಿಚಾರ?" ಎಂದಳು ವಸಂತಲಕ್ಷ್ಮಿ.

"ಬಲಗಡೆದೋ ಎಡಗಡೆದೋ ಹೇಳೇ ಮಾರಾಯ್ತಿ, ಲೀಡ್ ಕೆಲಸ ಅದರ ಮೇಲೆ ನಿಂತಿದೆ."

"ನಾನು ಹೇಳಿದ್ದು ನಿಮಗೆ ಎರಡು ಕಿವೀಲೂ ಹೋಗಲ್ಲ. ನೋವು ಯಾವುದರಲ್ಲಿತ್ತು ಅಂತ ಮಾತ್ರ ನಾನು ನೆನಪಿಟ್ಕೋಬೇಕು. ತಾಳಿ... ಸಾಯಂಕಾಲ ಅಂಗಡಿಗೆ ಹೋದ್ವಲ್ಲ, ನೀವೇ ಡ್ರೈವ್ ಮಾಡ್ತಾ ಇದ್ರಿ. ಕಿವೀಲಿ ಹತ್ತಿ ಇಟ್ಕೊಂಡಿದೀನಿ ಅಂದ್ರಿ, ಪಕ್ಕದಲ್ಲಿ ಕೂತ ನಂಗೆ ಕಾಣ್ಲಿಲ್ಲ. ಅಂದ್ಮೇಲೆ ಕಿಟಕಿ ಕಡೆ ಕಿವಿ. ಈ ದೇಶದಲ್ಲಿ ಡ್ರೈವರ್ ಸೀಟು ಎಡಗಡೆ, ಎಡಗಿವಿ ಕಣ್ರೀ."

"ನರಸಿಂಹ!" ಎಂದು ಚಂದ್ರಮೌಳಿ ಬೆಂಚಿನಿಂದ ನೆಗೆದೆದ್ದ.

"ಅದ್ಯಾರ್ರೀ ನರಸಿಂಹ?" ಎಂಬ ಪ್ರಶ್ನೆಗೆ ಉತ್ತರ ಕೊಡಲು ಅವನಿಗೆ ಪುರುಸೊತ್ತಿರಲಿಲ್ಲ.

ಓಡುತ್ತ ಬಂದವನು ಗಾಜಿನ ಗೇಟಿನ ಎದುರು ನಿಂತು ಕೊರಳು ತಡವಿಕೊಂಡ. ಬ್ಯಾಡ್ಜು ಪ್ಯಾಂಟ್ರಿಯಲ್ಲೇ ಉಳಿದಿತ್ತು. ಪರಿಚಯದವರು ಒಬ್ಬೊಬ್ಬರಾಗಿ ಬಂದರು, ಬ್ಯಾಡ್ಜು ತೋರಿಸಿದರು, ಒಳಗೆ ಹೋದರು. ಇವನು ಹಿಂದೆಯೇ ನುಗ್ಗಲು ನೋಡಿದರೆ ಎಲ್ಲರೂ ನಯವಾಗಿ ನಕ್ಕು ಗೋಡೆಯತ್ತ ಕೈ ತೋರಿದರು. ಅಲ್ಲೊಂದು ಪೋಸ್ಟರ್ ಇತ್ತು: 'ನಿಮ್ಮ ಬೆನ್ನ ಹಿಂದೆ ಯಾರನ್ನೂ ಒಳಗೆ ಬಿಡಬೇಡಿ. ಹತ್ತು ವರ್ಷದ ಗೆಳೆಯನಾದರೂ ಸರಿ.' ಅದನ್ನು ಬರೆದು ಅಂಟಿಸಿದ್ದು ಚಂದ್ರಮೌಳಿ. ಜನ ಇಷ್ಟು ಚೆನ್ನಾಗಿ ಪಾಲಿಸುತ್ತಾರೆಂದು ಅವನಿಗೇ ಗೊತ್ತಿರಲಿಲ್ಲ.

ಗಾರ್ಡ್ ಕಂಪ್ಯೂಟರ್ ನೋಡಿ ಹೇಳಿದ ಸಮಾಚಾರ ಇನ್ನೂ ಸೊಗಸಾಗಿತ್ತು. ವಾರಸುದಾರರಿಲ್ಲದ ಬ್ಯಾಡ್ಜೊಂದನ್ನು ಪೂಜಿತಾ ತಂದುಕೊಟ್ಟಿದ್ದಾಳೆ, ನಿಯಮದ ಪ್ರಕಾರ ಅದನ್ನು ನಾಳೆ ಬೆಳಿಗ್ಗೆವರೆಗೆ ರದ್ದು ಮಾಡಲಾಗಿದೆ. ಅಲ್ಲಿಯತನಕ ಚಂದ್ರಮೌಳಿ ವಿಸಿಟರ್. ಕಂಪನಿಯವರು ಯಾರಾದರೂ ಬಂದು ಸಹಿ ಹಾಕಿ ಕರೆದುಕೊಂಡು ಹೋಗಬೇಕು, ಜೊತೆ ಬಿಡಬಾರದು, ಮೀಟಿಂಗ್ ರೂಮ್ ಬಿಟ್ಟು ಬೇರೆಲ್ಲೂ ಕೂರಿಸಬಾರದು.

ಫೋನ್ ಎತ್ತಿದವನು ಎಜಾಜ್ ಒಬ್ಬನೇ. ಅವನೂ ಯಾವುದೋ ಮೀಟಿಂಗಿನಲ್ಲಿದ್ದು, ಮುಗಿಸಿ ಕೆಳಗೆ ಬರುವಾಗ ಎರಡೂವರೆಯಾಗಿತ್ತು. ಚಂದ್ರಮೌಳಿಯ ಎದೆಗೆ ಅಂಗೈಯಗಲದ ವಿಸಿಟರ್ ಚೀಟಿ ಅಂಟಿಸಿ ಮೇಲೆ ಕರೆತಂದ.

"ಎಜಾಜ್, ಒಂದೇ ಒಂದು ನಿಮಿಷ ನನ್ನ ಸೀಟಿಗೆ ಹೋಗಿ ಬಂದ್ಬಿಡ್ತೀನಿ ಕಣೋ."

"ಆಗಲ್ಲ ಸಾರ್. ವಿಸಿಟರ್‌ಗೆ ಸೀಟ್ ಹತ್ರ ಬಿಡಂಗಿಲ್ಲ."

"ಬಾತ್‌ರೂಮಿಗಾದ್ರೂ?"

"ಅದಕ್ಕೆ ನಾನೂ ಬರ್ತೀನಿ."

ಬಂದ. ಬಾಗಿಲ ಹೊರಗೆ ನಿಂತು "ಆಯ್ತಾ ಸಾರ್?" ಎಂದು ಎರಡು ಸಲ ಕೇಳಿದ. ಚಂದ್ರಮೌಳಿಗೆ ಸಿಟ್ಟು ನೆತ್ತಿಗೇರಿದರೂ ಹಲ್ಲು ಕಚ್ಚಿಕೊಂಡ. ಇನ್ನು ಅರ್ಧ ಗಂಟೆ. ಮೀಟಿಂಗ್ ರೂಮಿನ ಕಂಪ್ಯೂಟರಿನಲ್ಲಿ ಎಲ್ಲರೆದುರೇ ಲಾಗಿನ್ ಆಗುತ್ತೇನೆ, ನರಸಿಂಹ ಕೈಬಿಡುವುದಿಲ್ಲ.

ಮೂರಕ್ಕೆ ಎಲ್ಲರೂ ಸೇರಿದರು. ಡೇಲ್ ಇವನ ಎದೆಯ ಚೀಟಿ ನೋಡಿ ಹುಬ್ಬೇರಿಸಿದ. ಮೊದಲು ಪೂಜಿತಾ ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು. ಮುಗಿಸಿ ಏಳುವಾಗ ಮರೆಯದೆ ಕಂಪ್ಯೂಟರನ್ನು ಲಾಕ್ ಮಾಡಿದಳು. ಸೀಟು ಬಿಟ್ಟು ಎದ್ದರೆ ಲಾಕ್ ಮಾಡಲೇಬೇಕು ಎಂಬುದೂ ಚಂದ್ರಮೌಳಿಯದೇ ನಿಯಮ.

ಈಗ ಇವನ ಸರದಿ. ಕೀಬೋರ್ಡ್ ಎದುರು ಕೂತ. ಪರದೆ ನೋಡುವ ಧೈರ್ಯವಿಲ್ಲದೆ ಕೀಲಿಗಳ ಮೇಲೇ ಕಣ್ಣು ನೆಟ್ಟು, ಒಂದೊಂದೇ ಅಕ್ಷರ ಒತ್ತಿ, ನರಸಿಂಹನ ಪಕ್ಕದಲ್ಲಿ ಹತ್ತೊಂಬತ್ತು ಹಾಕಿ, ಆಶ್ಚರ್ಯಸೂಚಕ ಇಟ್ಟು, ಎಂಟರ್ ಹೊಡೆದು ಕಣ್ಣು ಮುಚ್ಚಿದ. ಟಣ್ ಎಂದಿತು. ತೆರೆಯಿತು!

ಚಂದ್ರಮೌಳಿಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ. ಎದ್ದು ನಿಂತು, ಪರದೆಗೆ ಬೆನ್ನು ಹಾಕಿ, ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಶುರು ಮಾಡಿದ: ಒಳ್ಳೆಯ ಪಾಸ್‌ವರ್ಡ್ ಎಂದರೆ ಇನ್ನೊಬ್ಬರಿಗೆ ಕನಸಿನಲ್ಲೂ ಹೊಳೆಯಬಾರದು.

ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ಹಿಂದಿನ ಪರದೆಯ ಮೇಲಿತ್ತು. ಅವನೂ ತಿರುಗಿದ. ಅಲ್ಲಿ ಕುಂಬಳಕಾಯಿ ಹೊಲದಲ್ಲಿ ನಿಂತ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದರು. ಅವನಿಗೆ ಹೆಣ್ಣುಮಕ್ಕಳಿಲ್ಲ. ಮೂಲೆಯಲ್ಲಿ ಹೆಸರಿತ್ತು: ಪೂಜಿತಾ.

ಲಾಕ್ ಆಗಿದ್ದದ್ದು ಅವಳ ಖಾತೆ. ತೆರೆದದ್ದೂ ಅವಳ ಖಾತೆಯೇ.

ಡೇಲ್ ತಣ್ಣಗೆ ಪೂಜಿತಾಳನ್ನು ಕೇಳಿದ, ನಿನ್ನ ಪಾಸ್‌ವರ್ಡ್ ಇವನಿಗೆ ಕೊಟ್ಟಿದ್ದೆಯಾ? ಗಂಡನಿಗೂ ಹೇಳಿಲ್ಲ ಎಂದಳು ಅವಳು, ಮುಖ ಕೆಂಪಾಗಿತ್ತು. ಹಾಗಾದರೆ ನಿನಗೆ ಹೇಗೆ ಸಿಕ್ಕಿತು ಎಂದು ಡೇಲ್ ಇವನತ್ತ ತಿರುಗಿದ. ಕದ್ದ ಆರೋಪಕ್ಕಿಂತ ಸತ್ಯವೇ ವಾಸಿ ಎಂದುಕೊಂಡು ಚಂದ್ರಮೌಳಿ, ನಾನು ಹೊಡೆದದ್ದು ನನ್ನ ಪಾಸ್‌ವರ್ಡ್ ಎಂದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಎಲ್ಲ ಬಿಡಿಸಿ ಹೇಳಿ ಮುಗಿಸುವಾಗ ಕಾಲು ಗಂಟೆಯಾಯಿತು. ಪೂಜಿತಾಳ ಅಪ್ಪ ಮೈಸೂರಿನ ಮನೆಯಲ್ಲಿ ದಿನಾ ಬೆಳಿಗ್ಗೆ ಹೇಳುತ್ತಿದ್ದ ಆಚಮನ ಅವಳಿಗೂ ಬಾಯಿಪಾಠ. ನಿಯಮ ಬಂದ ದಿನ ಅವಳೂ ಕೇಶವನಿಂದಲೇ, ಅದೇ ಕ್ರಮಸಂಖ್ಯೆ, ಅದೇ ಆಶ್ಚರ್ಯಸೂಚಕ ಇಟ್ಟುಕೊಂಡು ಹೊರಟಿದ್ದಳು. ಆಮೇಲೆ ಕಂಪನಿಯೇ ಇಬ್ಬರನ್ನೂ ಒಂದೇ ದಿನ ಒಂದೊಂದು ಹೆಜ್ಜೆ ಮುಂದೆ ನಡೆಸಿತ್ತು. ನಾಲ್ಕು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಜೊತೆಜೊತೆಗೇ ಹತ್ತೊಂಬತ್ತರವರೆಗೆ ಬಂದಿದ್ದರು.

ಡೇಲ್ ಕುರ್ಚಿಯಿಂದ ಎದ್ದ. ಆಮೇಲೆ, ಇವತ್ತು ಈ ಮಹಡಿಯಲ್ಲಿ ಭದ್ರತೆಯ ನಿಯಮವನ್ನು ಒಂದು ಕ್ಷಣವೂ ಮುರಿಯದವನು ಒಬ್ಬನೇ ಎಂದು ಹೇಳಿ, ವಿಸಿಟರ್‌ನ ಬಳಿ ಅಲುಗಾಡದೆ ನಿಂತಿದ್ದ ಎಜಾಜ್‌ನ ಕೈ ಕುಲುಕಿದ. ಸೆಕ್ಯುರಿಟಿ ಲೀಡ್ ಎಜಾಜ್.

ಎಜಾಜ್ ಹೊರಡಿಸಿದ ಮೊದಲ ಆಜ್ಞೆ, ಇಬ್ಬರೂ ತನ್ನ ಕಣ್ಣೆದುರೇ ಈಗಿಂದೀಗಲೇ ಪಾಸ್‌ವರ್ಡ್ ಬದಲಿಸಬೇಕು. ಅಕ್ಕಪಕ್ಕದ ಎರಡು ಕಂಪ್ಯೂಟರುಗಳ ಮುಂದೆ ಇಬ್ಬರನ್ನೂ ಕೂರಿಸಿ ತಾನು ಹಿಂದೆ ನಿಂತ. ಚಂದ್ರಮೌಳಿ ಈ ಸಲ ತನ್ನದೇ ಹೆಸರು ನೋಡಿಕೊಂಡು ನರಸಿಂಹ ಹತ್ತೊಂಬತ್ತು ಹೊಡೆದ. ಮೊದಲ ಏಟಿಗೇ ತೆರೆಯಿತು. ಇಡೀ ದಿನ ಪಟ್ಟು ಹಿಡಿದು ಹುಡುಕಿದ ನಾಮ ಸರಿಯಾಗಿಯೇ ಇತ್ತು. ಅವನಿಗೆ ಅಳು ಬಂತು.

'ಹೊಸ ಪಾಸ್‌ವರ್ಡ್ ಕೊಡಿ' ಎಂದು ಪರದೆ ಕೇಳಿತು. ಪೂಜಿತಾ ಕುರ್ಚಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದಳು.

"ಸರ್, ಮತ್ತೆ ಕ್ಲ್ಯಾಶ್ ಆಗೋದು ಬೇಡ. ಅಚ್ಯುತನ್ನ ನಾನು ತಗೋತೀನಿ, ನೀವು ಜನಾರ್ದನ ತಗೊಳ್ಳಿ."

"ಆಗ್ಲಮ್ಮ" ಎಂದ ಚಂದ್ರಮೌಳಿ, ಕಣ್ಣೊರೆಸಿಕೊಳ್ಳುತ್ತ.

ಹಿಂದೆ ನಿಂತಿದ್ದ ಎಜಾಜ್ ಜೇಬಿನಿಂದ ಫೋನ್ ತೆಗೆದು ಡೇಲ್‌ನ ನಂಬರು ಒತ್ತಿದ.