ರಟ್ಟಿನ ಮೇಲೆ ಕಲಿತ ಕಂಪ್ಯೂಟರು

ಆಗ ನನಗೆ ಐವತ್ತೆಂಟು. ಇಪ್ಪತ್ತು ವರ್ಷದ ಮೇಲಾಯಿತು. ಇನ್ನೆಂತ ಕಲಿಯುವುದು ಎಂದು ಊರೆಲ್ಲ ಹೇಳುವ ವಯಸ್ಸಿನಲ್ಲೇ ಕಲಿಯುವ ಚಪಲ ಹುಟ್ಟುವುದು. ಕಲಿಯುವ ವಯಸ್ಸಿನಲ್ಲಿ ನನಗೆ ದನದ ಹಿಂದೆ ತಿರುಗುವ ಚಪಲವಿತ್ತು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಓದಲು ಬರುತ್ತದೆ, ಬರೆಯಲೂ ಬರುತ್ತದೆ, ಎರಡೂ ನಿಧಾನ.

ಸೊಸೆ ನಾಗವೇಣಿ ಶಿರಸಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ನಮ್ಮ ಕಾನಸೂರಿನ ಕಡೆ ಸೊಸೈಟಿಗೆ ಕಂಪ್ಯೂಟರ್ ಬರುತ್ತದೆ, ಕಲಿತವರಿಗೆ ಕೆಲಸ ಸಿಗುತ್ತದೆ ಎಂದು ಸುದ್ದಿ. ಅವಳೊಬ್ಬಳನ್ನೇ ಬಸ್ಸಿಗೆ ಹತ್ತಿಸಲು ಮಗನಿಗೆ ಮನಸ್ಸಿಲ್ಲ. “ಆಯಿ, ನೀನೂ ಜೊತಿಗೆ ಹೋಗು” ಎಂದ. ಹೋದೆ. ಆ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡೇ ಹೋಗಬೇಕು. ನಮ್ಮ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ನನಗೆ ಬಾಗಿಲ ಹೊರಗೆ ಒಂದು ಬೆಂಚು. ಹೀಗಾಗಿ ಕಂಪ್ಯೂಟರ್ ಕ್ಷೇತ್ರದಲ್ಲಿ ನನಗೆ ಸಿಕ್ಕ ಹುದ್ದೆ ಚಪ್ಪಲಿ ಕಾಯುವುದು. ಸಂಬಳವಿಲ್ಲ, ಬಡ್ತಿಯಿಲ್ಲ. ನಾನಿರುವಾಗ ಒಂದು ಚಪ್ಪಲಿಯೂ ಕಳೆಯಲಿಲ್ಲ, ಅಷ್ಟೇ ಹೆಮ್ಮೆ.

ಯಂತ್ರಗಳು ಕಡಿಮೆ, ಕಲಿಯುವವರು ಹೆಚ್ಚು. ಅದಕ್ಕೆ ಸರ್, ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ಮನೆಯಲ್ಲಿ ಒತ್ತಿ ರೂಢಿ ಮಾಡಿಕೊಳ್ಳಿ ಎಂದಿದ್ದರು. ನಾಗವೇಣಿ ಬಿಸ್ಕೀಟಿನ ರಟ್ಟಿನ ಮೇಲೆ ಬರೆದಳು. ಅವಳು ಮಧ್ಯಾಹ್ನ ಅಡ್ಡಾದಾಗ ನಾನು ಅದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

“ಎಂತ ಮಾಡ್ತಾ ಇದ್ರಿ ಅತ್ತೆ?”

“ನನ್ನ ಹೆಸ್ರು ಇದ್ರಲ್ಲಿ ಎಲ್ಲಿದ್ದು, ತೋರ್ಸೆ.”

ಅವಳು ತುಸು ಯೋಚಿಸಿದಳು. “ಗಂಗಾ ಅಲ್ದ?”

ತಪ್ಪು ಅವಳದಲ್ಲ. ಅವಳಿಗೆ ನಾನು ಅತ್ತೆ, ಮಗನಿಗೆ ಆಯಿ, ಊರಿಗೆ ಅಜ್ಜಿ. ಗಂಡ ಇರುವಷ್ಟು ದಿನ “ಇವಳೇ” ಎಂದೇ ಕರೆದರು. ನನಗೇ ಆ ಹೆಸರು ಯಾರದ್ದೋ ಅನಿಸುತ್ತಿತ್ತು.

ನಾಗವೇಣಿ ತೋರಿಸಿದಳು. ನಡುಸಾಲಿನ ಮಧ್ಯ, ಅದೇ ಸಾಲಿನ ಎಡತುದಿ, ಕೆಳಸಾಲಿನಲ್ಲೊಂದು, ಮತ್ತೆ ಮಧ್ಯ, ಮತ್ತೆ ಎಡತುದಿ. ಇಂಗ್ಲಿಷ್ ಬಾರದಿದ್ದರೂ ದಾರಿ ಗೊತ್ತಾಯಿತು. ಹಲಸಿನ ಹಪ್ಪಳ ಒತ್ತಿ ಪಳಗಿದ ಕೈ ನನ್ನದು, ಊರಿ ಒತ್ತಿದೆ. ರಟ್ಟಿನಲ್ಲಿ ಗುಳಿ ಬಿತ್ತು, ಹೆಸರು ಬರಲಿಲ್ಲ. ರಟ್ಟಿನಲ್ಲಿ ಎಲ್ಲಿಂದ ಬರಬೇಕು? ಕಂಪ್ಯೂಟರಿನ ಗಾಜಿನ ಮೇಲೆ ಒಮ್ಮೆ ಅದು ಮೂಡುವುದನ್ನು ಕಾಣಬೇಕು ಎಂಬ ಆಸೆ ಹತ್ತಿಕೊಂಡಿತು. ಊಟಕ್ಕೆ ಕೂತರೆ ಬಾಳೆಲೆಯ ಮೇಲೆ, ಬಸ್ಸಿನಲ್ಲಿ ಕೂತರೆ ಮುಂದಿನವನ ಬೆನ್ನಿನ ಮೇಲೆ ಬೆರಳು ಹೋಗುತ್ತಿತ್ತು. “ಎಂತ ಅಜ್ಜಿ?” ಎಂದು ಅವನು ತಿರುಗಿದರೆ, “ಧೂಳಿತ್ತು” ಎನ್ನುತ್ತಿದ್ದೆ.

ಕ್ಲಾಸಿನ ಕಡೇ ದಿನ ನಾಗವೇಣಿ ಸರ್ ಕಿವಿಯಲ್ಲಿ ಏನೋ ಹೇಳಿದಳು. ಸರ್ ಎಂದರೆ ಹಾವೇರಿ ಕಡೆಯ ಹುಡುಗ. “ಬರ್ರಿ ಅಜ್ಜಿ, ಒಳಗ ಬರ್ರಿ. ನೀವೂ ಕೋರ್ಸ್ ಮುಗಿಸೀರಿ” ಎಂದು ನಕ್ಕ. ಎರಡು ಸಲ ಕಾಲು ಒರೆಸಿಕೊಂಡು ಹೋದೆ. ಕುರ್ಚಿಗೆ ಚಕ್ರ. ಕೂರುವಾಗ ಹಿಂದೆ ಸರಿಯಿತು, ನಾಗವೇಣಿ ಹಿಡಿದುಕೊಂಡಳು. ನಡುಸಾಲಿನ ಮಧ್ಯದ ಗುಂಡಿಗೆ ಬೆರಳಿಟ್ಟು, ಹಪ್ಪಳಕ್ಕೆ ಒತ್ತಿದ ಹಾಗೆ ಒತ್ತಿ ಹಿಡಿದೆ.

ಜಿ ಬಂತು. ಅದರ ಪಕ್ಕ ಇನ್ನೊಂದು ಜಿ. ಇರುವೆ ಹೊರಟ ಹಾಗೆ ಸಾಲು ತುಂಬಿ ಕೆಳಗಿಳಿಯಿತು. ಹೆದರಿ ಇನ್ನೂ ಊರಿ ಒತ್ತಿದೆ.

“ಬೆರಳು ಎತ್ರಿ ಅಜ್ಜಿ, ಎತ್ರಿ!”

“ಎತ್ತಿದ್ರೆ ಅಳಿಸಿ ಹೋಗ್ತು!” ಎಂದೆ.

ಕೋಣೆಯೆಲ್ಲ ನಕ್ಕಿತು. ಕೊನೆಗೆ ನಾಗವೇಣಿಯೇ ನನ್ನ ಬೆರಳು ಎತ್ತಿದಳು. ಅಷ್ಟರಲ್ಲಿ ಮುಂದಿನ ಕ್ಲಾಸಿನವರು ಬಂದರು, ನಮ್ಮ ಬಸ್ಸಿಗೂ ಹೊತ್ತಾಯಿತು. ಉಳಿದ ನಾಲ್ಕು ಅಕ್ಷರ ಉಳಿದೇಹೋದವು.

ಬಸ್ಸಿನಲ್ಲಿ ನಾಗವೇಣಿ, “ಒಂದ್ಸಲ ಒತ್ತಿ ಬಿಟ್ಬಿಡವು ಅತ್ತೆ. ರಂಗೋಲಿಗೆ ಚುಕ್ಕಿ ಇಟ್ಟಂಗೆ” ಎಂದಳು. ಇದನ್ನು ಮೊದಲೇ ಹೇಳಬಾರದಿತ್ತೇ! ಹುಟ್ಟಿದಾರಭ್ಯ ಚುಕ್ಕಿ ಇಟ್ಟವಳಿಗೆ ಹಾಳು ಹಪ್ಪಳವೇ ಯಾಕೆ ನೆನಪಾಗಬೇಕಿತ್ತೋ.

ಮುಂದೆ ಸೊಸೈಟಿಗೆ ಕಂಪ್ಯೂಟರ್ ಬಂತು, ನಾಗವೇಣಿಗೆ ಕೆಲಸವೂ ಸಿಕ್ಕಿತು. ಆ ಯಂತ್ರವನ್ನು ಕೌಂಟರಿನ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಮುಟ್ಟುತ್ತೇನೆ ಎಂದು ಕೇಳಲಿಲ್ಲ, ಅದು ಅವಳ ಅನ್ನ.

ಆದರೆ ಆ ಕಡೇ ದಿನದ ಮರುದಿನ ಬೆಳಿಗ್ಗೆ ಅಂಗಳ ಸಾರಿಸಿದೆ. ನಡುಸಾಲಿನ ಮಧ್ಯಕ್ಕೆ ಒಂದು ಚುಕ್ಕಿ ಇಟ್ಟು ಬೆರಳು ಎತ್ತಿದೆ. ಎಡತುದಿಗೆ ಒಂದು, ಎತ್ತಿದೆ. ಕೆಳಸಾಲಿಗೆ ಒಂದು. ಮತ್ತೆ ಮಧ್ಯ, ಮತ್ತೆ ಎಡತುದಿ. ಪಕ್ಕದ ಮನೆಯವಳು ಹಾಲಿಗೆ ಬಂದವಳು ನಿಂತು ನೋಡಿದಳು.

“ಎಂತೆ ಇದು, ಗೆರೆ ಎಳೆಯದು ಮರ್ತ್ಯಾ?”

“ಇಲ್ಲೆ, ಪೂರಾ ಆತು” ಎಂದು ಹೇಳಿ, ಕೈ ತೊಳೆಯಲು ಹೋದೆ.