ಒಂದೇ ಕ್ರಿಯಾಪದ, ಮೂರು ವಾರ

ನನ್ನ ಮಾನ ಕಳೆದದ್ದು ಕುಡಿತವಲ್ಲ, ಜೂಜಲ್ಲ. ಮೂರೇ ಅಕ್ಷರದ ಒಂದು ಇಂಗ್ಲಿಷ್ ಕ್ರಿಯಾಪದ. ಅದರ ಹೆಸರು 'ಗೆಟ್'.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತಕಾರಿಣಿ ಬೇಕೆಂಬ ಜಾಹೀರಾತು ನೋಡಿ ನನ್ನ ಹೆಂಡತಿ ಅರ್ಜಿ ಹಾಕಿದಳು. ಹನ್ನೆರಡು ವರ್ಷ ಒಲೆಯ ಮುಂದೆ ನಿಂತವಳಿಗೆ ಆ ಕುರ್ಚಿಯ ಮೇಲೇ ಜೀವ. ಸಂದರ್ಶನಕ್ಕೆ ಮೂರು ವಾರವಿತ್ತು.

"ರೀ, ಫೋನಲ್ಲಿ ಮಾತಾಡೋವಷ್ಟು ಇಂಗ್ಲಿಷ್ ಹೇಳ್ಕೊಡಿ, ಸಾಕು" ಎಂದಳು.

'ಸಾಕು' ಎನ್ನಬಾರದಿತ್ತು. ನಾನು ಇಪ್ಪತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುವವನು; ಒಂದು ಅಲ್ಪವಿರಾಮವನ್ನೂ ವಿಚಾರಣೆಯಿಲ್ಲದೆ ಬಿಡುವ ಕುಲವಲ್ಲ ನನ್ನದು. ಬುಡ ಗಟ್ಟಿಯಾಗಲಿ ಎಂದು ಇಟ್ಟಿಗೆ ಗಾತ್ರದ ನಿಘಂಟು ತೆರೆದೆ. ಅದರಲ್ಲಿ ಗೆಟ್‌ಗೆ ನಲವತ್ತಮೂರು ಅರ್ಥ. ಪಡೆಯುವುದೂ ಅದೇ, ತಲುಪುವುದೂ ಅದೇ, ತಿಳಿಯುವುದೂ ಅದೇ. ಒಂದೊಂದಕ್ಕೂ ಚೀಟಿ ಬರೆದು ಕನ್ನಡಿ, ಕಪಾಟು, ಕುಕ್ಕರು, ಕೊನೆಗೆ ಬಚ್ಚಲ ಬಾಗಿಲಿಗೂ ಅಂಟಿಸಿದೆ. (ನಮ್ಮತ್ತೆ ಬಂದವರು ಮನೆ ಜಪ್ತಿಯಾಗಿದೆಯೆಂದು ಹೆದರಿ ಹೊಸ್ತಿಲಿಂದಲೇ ಹಿಂದಿರುಗಿದರು. ಈ ಇಡೀ ವಿದ್ಯಾದಾನದಲ್ಲಿ ನನಗಾದ ಲಾಭ ಅದೊಂದೇ.)

ಹತ್ತನೇ ದಿನ ಕೇಳಿದಳು, "ಇವತ್ತಾದ್ರೂ ಬೇರೆ ಪದ ಹೇಳ್ಕೊಡ್ತೀರಾ?"

"ಹದಿಮೂರನೇ ಅರ್ಥದಲ್ಲಿದ್ದೀವಿ. ಮಧ್ಯ ಬಿಟ್ರೆ ಎಲ್ಲಾ ಹೋಯ್ತು."

"ಫೋನ್ ಬಂದ್ರೆ ಗೆಟ್ ಗೆಟ್ ಅಂತ ಕೂತಿರ್ಲಾ?"

ಸಂದರ್ಶನದ ಬೆಳಿಗ್ಗೆ ನಾವಿದ್ದದ್ದು ಇಪ್ಪತ್ತೇಳನೇ ಅರ್ಥದಲ್ಲಿ. ಪೂರ್ತಿ ಒಂದು ವಾಕ್ಯವನ್ನೂ ಕಲಿಸಿರಲಿಲ್ಲ. ಅವಳು ಇಸ್ತ್ರಿ ಬಟ್ಟೆ ತೊಟ್ಟು ಹೊರಟಳು. ಅವಳ ಕುರ್ಚಿಯ ಕಾಲನ್ನು ನಾನೇ ಮುರಿದಿದ್ದೆ. ಅಡುಗೆಮನೆಯಲ್ಲಿ ಕೂತು, ಕ್ಷಮೆ ಕೇಳುವ ಮಾತನ್ನು ಬರೆದು ಮೂರು ಸಲ ತಿದ್ದಿದೆ.

ಮಧ್ಯಾಹ್ನ ಬಂದವಳು ಚಪ್ಪಲಿ ಬಿಡುತ್ತಲೇ "ಕೆಲಸ ಸಿಕ್ತು" ಎಂದಳು.

ನನ್ನ ಎದೆ ಉಬ್ಬಿತು. "ಗೆಟ್ ಬಗ್ಗೆ ಕೇಳಿದ್ರಾ?"

"ಇಂಗ್ಲಿಷ್ ಎಷ್ಟು ಕಲ್ತಿದ್ದೀರಿ ಅಂದ್ರು ಡಾಕ್ಟ್ರು. ಮೂರು ವಾರದಿಂದ ದಿನಾ ಎರಡು ಗಂಟೆ, ನಮ್ಮನೆಯವ್ರು ಒಂದೇ ಪದ ಹೇಳ್ಕೊಡ್ತಿದ್ದಾರೆ ಅಂದೆ. ಮಧ್ಯದಲ್ಲಿ ಎದ್ದು ಹೋಗ್ಲಿಲ್ವಾ ಅಂದ್ರು. ಇಲ್ಲ ಅಂದೆ. ಇಷ್ಟು ತಾಳ್ಮೆ ಇರೋರೇ ನಮಗೆ ಬೇಕು, ಹಲ್ಲುನೋವಿನವರ ಗೋಳು ನಿಮಗೆ ಯಾವ ಲೆಕ್ಕ, ಇಂಗ್ಲಿಷ್ ನಾವೇ ಕಲಿಸ್ತೀವಿ ಅಂದ್ರು."

ಉಬ್ಬಿದ ಎದೆ ಉಬ್ಬಿದಷ್ಟೇ ಬೇಗ ಇಳಿಯಿತು.

"ನಿಮ್ಮನ್ನೂ ಕರ್ಕೊಂಡು ಬರಕ್ಕೆ ಹೇಳಿದ್ದಾರೆ" ಎಂದಳು.

"ನನ್ನನ್ನ? ಯಾಕೆ?"

"ಹಲ್ಲು ಕೀಳೋಕೆ ಮುಂಚೆ ನೀವು ಹತ್ತು ನಿಮಿಷ ಪಾಠ ಮಾಡಿದ್ರೆ, ಮರಗಟ್ಟಿಸೋ ಇಂಜೆಕ್ಷನ್ನೇ ಬೇಕಾಗಲ್ವಂತೆ."

ಹಾಗೆಂದವಳು ಕುಕ್ಕರಿನ ಚೀಟಿ ಕಿತ್ತು, ಕುಕ್ಕರನ್ನು ನನ್ನ ಕೈಗಿಟ್ಟಳು. ನಾಳೆಯಿಂದ ಅಡುಗೆ ನನ್ನದು.